ಆವಕ–ಜಾವಕ: ಮೊದಲು ಬರೆಯಬೇಕಾದವರು ಯಾರು?



ಕಚೇರಿಯಲ್ಲಿ ನನ್ನ ಪಾಲಿಗೆ ಬಂದಿರುವ ಕೆಲಸ ಆವಕ–ಜಾವಕ. ಬಂದ ಕಾಗದಕ್ಕೊಂದು ನಂಬರು, ಹೋಗುವ ಕಾಗದಕ್ಕೊಂದು ನಂಬರು. ಈ ಅಂಕಣದ ಹೆಸರಿನ ಗುಟ್ಟೂ ಅದೇ ಎಂಬುದನ್ನು ತಾವು ಬಲ್ಲಿರಿ. ದಪ್ಪ ರಟ್ಟಿನ ರಿಜಿಸ್ಟರು ಹೋಗಿ ಮೇಜಿನ ಮೇಲೆ ಕಂಪ್ಯೂಟರು ಬಂದು ಕುಳಿತಿದೆ. ಕೆಲಸ ಮಾತ್ರ ಬದಲಾಗಿಲ್ಲ. ಇತಿಹಾಸ ಓದಿ ಬಿ.ಎ. ಮಾಡಿದವನಿಗೆ ಕಡೆಗೆ ಕಂಡವರ ಪತ್ರಗಳಿಗೆ ನಂಬರು ಹಾಕುವ ಭಾಗ್ಯ ಬಂತಲ್ಲ ಎಂದು ಮೊದಮೊದಲು ವ್ಯಥೆಯಾಗುತ್ತಿತ್ತು. ಈಗ ಆಗುವುದಿಲ್ಲ. ಒಂದು ದೊಡ್ಡ ದೇಶದ ಅಧ್ಯಕ್ಷನಾಗಿದ್ದವನೇ ನಲವತ್ತು ವರ್ಷಕ್ಕೂ ಮಿಕ್ಕಿ ತನ್ನ ಮನೆಯಲ್ಲಿ ಕುಳಿತು ಇದೇ ಕೆಲಸ ಮಾಡಿದ್ದನೆಂದು ತಿಳಿದ ಮೇಲೆ ನನ್ನ ಕುರ್ಚಿಗೂ ಸ್ವಲ್ಪ ಮರ್ಯಾದೆ ಬಂದಂತೆ ಕಾಣುತ್ತದೆ.

ಆತ ಥಾಮಸ್ ಜೆಫರ್ಸನ್, ಅಮೆರಿಕೆಯ ಮೂರನೆಯ ಅಧ್ಯಕ್ಷ. ೧೭೮೩ರಿಂದ ೧೮೨೬ರಲ್ಲಿ ಕಣ್ಣು ಮುಚ್ಚುವ ತನಕ, ತಾನು ಬರೆದ ಪತ್ರ, ತನಗೆ ಬಂದ ಪತ್ರ, ಎರಡನ್ನೂ ತಾರೀಖಿನ ಸಮೇತ ಒಂದು ದಾಖಲೆಯಲ್ಲಿ ನಮೂದಿಸಿಟ್ಟ. ಆ ದಾಖಲೆಯ ಪುಟಗಳು ೬೫೬. ಬದುಕಿನಲ್ಲಿ ಆತ ಬರೆದ ಪತ್ರಗಳು ಸುಮಾರು ೧೯,೦೦೦ ಎಂದು ಲೆಕ್ಕ. ನಮ್ಮಲ್ಲಿ 'ಆಫೀಸ್ ಕಾಪಿ' ಎನ್ನುತ್ತೇವಲ್ಲ, ಅದಕ್ಕೂ ಆತನ ಬಳಿ ಉಪಾಯವಿತ್ತು. ಒಂದು ಲೇಖನಿ ಹಿಡಿದು ಬರೆಯುತ್ತ ಹೋದರೆ, ಅದಕ್ಕೆ ಜೋಡಿಸಿದ ಇನ್ನೊಂದು ಲೇಖನಿ ಪಕ್ಕದ ಹಾಳೆಯ ಮೇಲೆ ಅದನ್ನೇ ಬರೆಯುತ್ತ ಬರುವ ಯಂತ್ರವೊಂದನ್ನು ೧೮೦೪ರಿಂದ ಬಳಸುತ್ತಿದ್ದ. ಮುಪ್ಪಿನಲ್ಲಿ ಒಮ್ಮೆ ಲೆಕ್ಕ ಹಾಕಿ ನೋಡಿದರೆ ೧೮೨೦ ಒಂದೇ ವರ್ಷದಲ್ಲಿ ಬಂದ ಪತ್ರಗಳು ೧,೨೬೭! ಹಲವಕ್ಕೆ ಯೋಚಿಸಿ ಉತ್ತರ ಬರೆಯಬೇಕು. ಇದೂ ಒಂದು ಬದುಕೇ ಎಂದು ಆತ ಗೆಳೆಯನೊಬ್ಬನ ಹತ್ತಿರ ಗೋಳು ತೋಡಿಕೊಂಡ. ಆ ಗೋಳನ್ನೂ ಪತ್ರದಲ್ಲಿಯೇ ತೋಡಿಕೊಂಡ ಎನ್ನುವುದು ಸ್ವಾರಸ್ಯ.

ಆ ಗೆಳೆಯನೇ ಜಾನ್ ಆಡಮ್ಸ್, ಅಮೆರಿಕೆಯ ಎರಡನೆಯ ಅಧ್ಯಕ್ಷ. ಇವರಿಬ್ಬರ ಪತ್ರಗಳನ್ನು ಲೆಸ್ಟರ್ ಕ್ಯಾಪನ್ ಎಂಬ ವಿದ್ವಾಂಸ ಸಂಪಾದಿಸಿ ೧೯೫೯ರಲ್ಲಿ ಎರಡು ಸಂಪುಟಗಳಾಗಿ ಹೊರತಂದ. ಅವೆರಡನ್ನೂ ಒಂದೇ ಹೊಟ್ಟೆಯಲ್ಲಿ ಸೇರಿಸಿದ ಮರುಮುದ್ರಣವೊಂದು ಕಳೆದ ಮಳೆಗಾಲದಲ್ಲಿ ಇಲ್ಲಿ ಪುಣೆಯ ಹಳೇ ಪುಸ್ತಕದ ಅಂಗಡಿಯಲ್ಲಿ ನನ್ನ ಕೈಗೆ ಬಿತ್ತು. ಇಟ್ಟಿಗೆಯಷ್ಟು ದಪ್ಪದ ಪುಸ್ತಕ ನೋಡಿ ನಮ್ಮಾಕೆ, "ಇದನ್ನ ಎಲ್ಲಿಡೋದು? ಅಕ್ಕಿ ಡಬ್ಬಿ ಮ್ಯಾಲೇನು?" ಎಂದಳು. ಅಕ್ಕಿ ಡಬ್ಬಿಯ ಮೇಲೆಯೇ ಇಟ್ಟೆ. ಓದಿ ಮುಗಿಸಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ನನ್ನ ಮನೆಯಲ್ಲಿಯೂ ಒಂದು ಪ್ರಕರಣ ನಡೆಯಿತು. ಅದನ್ನೂ ಸಂದರ್ಭ ಬಂದಾಗ ಹೇಳುತ್ತೇನೆ.

ಇಬ್ಬರ ಸ್ವಭಾವ ಎಣ್ಣೆ–ಸೀಗೆಕಾಯಿ. ಆಡಮ್ಸ್ ಉತ್ತರದ ಮ್ಯಾಸಚೂಸೆಟ್ಸಿನವನು. ಕುಳ್ಳು, ದಪ್ಪ, ಮಾತುಗಾರ, ಮೂಗಿನ ತುದಿಯಲ್ಲೇ ಕೋಪ. ಜೆಫರ್ಸನ್ ದಕ್ಷಿಣದ ವರ್ಜೀನಿಯದ ಜಮೀನ್ದಾರ. ಎತ್ತರದ ಆಳು, ಸಭೆಯಲ್ಲಿ ಬಾಯಿ ಬಿಡದವನು, ಬರೆಯಲು ಕುಳಿತರೆ ಮಾತ್ರ ಸರಸ್ವತಿ. ವಯಸ್ಸಿನಲ್ಲಿ ಆಡಮ್ಸ್ ಏಳು ವರ್ಷ ದೊಡ್ಡವನು. ೧೭೭೬ರಲ್ಲಿ ಸ್ವಾತಂತ್ರ್ಯ ಘೋಷಣೆಯ ಕರಡು ಸಿದ್ಧಪಡಿಸಲು ಐವರ ಸಮಿತಿ ನೇಮಕವಾದಾಗ ಇಬ್ಬರೂ ಅದರಲ್ಲಿದ್ದರು. ಬರೆದವನು ಜೆಫರ್ಸನ್; ಸಭೆಯಲ್ಲಿ ಅದರ ಪರವಾಗಿ ಗುದ್ದಾಡಿದವನು ಆಡಮ್ಸ್.

ಮುಂದೆ ೧೭೮೪ರಲ್ಲಿ ಇಬ್ಬರೂ ಪ್ಯಾರಿಸಿನಲ್ಲಿ ದೇಶದ ಪ್ರತಿನಿಧಿಗಳಾಗಿ ಕೂಡಿದರು. ಮರುವರ್ಷ ಆಡಮ್ಸ್ ಇಂಗ್ಲೆಂಡಿಗೆ ರಾಯಭಾರಿಯಾಗಿ ಹೋದ. ಜೆಫರ್ಸನ್ ಫ್ರಾನ್ಸಿನಲ್ಲಿ ಉಳಿದ. ಅಲ್ಲಿಂದ ಪತ್ರಗಳ ಹೊಳೆ. ರಾಜಕಾರಣ ಒಂದು ಕಡೆ ಇರಲಿ, ಆಡಮ್ಸನ ಹೆಂಡತಿ ಆಬಿಗೇಲ್ ಮತ್ತು ಜೆಫರ್ಸನ್ ಬರೆದುಕೊಂಡ ಪತ್ರಗಳನ್ನು ಓದಬೇಕು. ಆಕೆಗೆ ಪ್ಯಾರಿಸಿನ ಪಾದರಕ್ಷೆ ಬೇಕು, ಊಟದ ಮೇಜಿನ ಮೇಲಿಡಲು ಬೊಂಬೆಗಳು ಬೇಕು. ಆತನಿಗೆ ಲಂಡನ್ನಿನ ಮೇಜುಬಟ್ಟೆ ಬೇಕು, ಅಂಗಿ ಬೇಕು. ಊರಿಗೆ ಹೋಗುವವರ ಕೈಯಲ್ಲಿ ಗದಗಿನಿಂದ ಮೆಣಸಿನಕಾಯಿ, ಇಲ್ಲಿಂದ ಬಾಕರವಡಿ ತರಿಸುವ ಕಳಿಸುವ ನಮ್ಮ ಸಂಘದ ಸಂಸಾರಗಳಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಜೆಫರ್ಸನ್ ಹೆಂಡತಿಯನ್ನು ಕಳೆದುಕೊಂಡವನು. ಆತನ ಕಿರಿಯ ಮಗಳು ಪಾಲಿ, ಎಂಟು ವರ್ಷದ ಕೂಸು, ೧೭೮೭ರಲ್ಲಿ ಹಡಗಿನಲ್ಲಿ ಸಮುದ್ರ ದಾಟಿ ಲಂಡನ್ನಿಗೆ ಬಂದಿಳಿದಳು. ಜೊತೆಗೆ ಬಂದವಳು ಹದಿನಾಲ್ಕು ವರ್ಷದ ಒಬ್ಬ ದಾಸಿ ಹುಡುಗಿ, ಹೆಸರು ಸ್ಯಾಲಿ ಹೆಮಿಂಗ್ಸ್. ತಂದೆಗೆ ತಾನೇ ಬಂದು ಮಗಳನ್ನು ಕರೆದೊಯ್ಯಲು ಪುರಸೊತ್ತಾಗಲಿಲ್ಲ. ಪ್ಯಾರಿಸಿನಿಂದ ಆಳನ್ನು ಕಳಿಸಿದ. ಎರಡು ವಾರ ಆಬಿಗೇಲಳ ಮಡಿಲಿನಲ್ಲಿ ಬೆಳೆದ ಮಗು ಹೊರಡುವ ದಿನ ಆಕೆಯ ಕೊರಳು ತಬ್ಬಿ ಅತ್ತಿತು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟು ಬೆಳೆದ ಸ್ನೇಹ ಮುರಿದದ್ದು ಹೇಗೆ? ಸ್ವದೇಶಕ್ಕೆ ಮರಳಿದ ಮೇಲೆ ದೇಶದಲ್ಲಿ ಎರಡು ಪಕ್ಷಗಳಾದವು. ಕೇಂದ್ರ ಸರ್ಕಾರ ಗಟ್ಟಿಯಾಗಿರಬೇಕೆಂದು ಆಡಮ್ಸನ ಕಡೆಯವರು. ರಾಜ್ಯಗಳ ಕೈ ಮೇಲಾಗಿರಬೇಕೆಂದು ಜೆಫರ್ಸನನ ಕಡೆಯವರು. ೧೭೯೧ರಲ್ಲಿ ಜೆಫರ್ಸನ್ ಯಾರಿಗೋ ಬರೆದ ಖಾಸಗಿ ಚೀಟಿಯೊಂದನ್ನು ಮುದ್ರಣದವನು ಹೇಳದೆ ಕೇಳದೆ ಪುಸ್ತಕದ ಮೊದಲಿಗೆ ಅಚ್ಚು ಹಾಕಿಬಿಟ್ಟ. ಅದರಲ್ಲಿ ಆಡಮ್ಸನ ವಿಚಾರಗಳನ್ನು ಚುಚ್ಚಿದ ಮಾತಿತ್ತು. ಜೆಫರ್ಸನ್ ಸಮಜಾಯಿಷಿ ಬರೆದ; ಮುಳ್ಳು ಮಾತ್ರ ಒಳಗೇ ಉಳಿಯಿತು.

೧೭೯೬ರ ಚುನಾವಣೆಯಲ್ಲಿ ಇಬ್ಬರೂ ಎದುರುಬದುರು ನಿಂತರು. ಆಡಮ್ಸನಿಗೆ ೭೧ ಮತ, ಜೆಫರ್ಸನನಿಗೆ ೬೮. ಆಗಿನ ಕಾಯಿದೆಯಂತೆ ಗೆದ್ದವನು ಅಧ್ಯಕ್ಷ, ಎರಡನೆಯವನು ಉಪಾಧ್ಯಕ್ಷ. ಫಲಿತಾಂಶ ಅಧಿಕೃತವಾಗುವ ಮುನ್ನವೇ, ಡಿಸೆಂಬರ್ ೨೮ರಂದು ಜೆಫರ್ಸನ್ ಹಳೆಯ ಗೆಳೆಯನಿಗೊಂದು ಪತ್ರ ಬರೆದ. ನೀನು ಗೆದ್ದದ್ದು ನನಗೆ ಸಂತೋಷ, ಜನರನ್ನು ಆಳುವ ಆಸೆ ನನಗಿಲ್ಲ, ನಿನ್ನ ಆಡಳಿತಕ್ಕೆ ಕೀರ್ತಿ ಬರಲಿ ಎಂಬ ಅರ್ಥದ ಮಾತುಗಳು. ಬರೆದವನು ನೇರವಾಗಿ ಅಂಚೆಗೆ ಹಾಕಿದ್ದರೆ ಇತಿಹಾಸ ಬೇರೆ ದಾರಿ ಹಿಡಿಯುತ್ತಿತ್ತೋ ಏನೋ. ಆದರೆ ಮೊದಲು ತನ್ನ ಆಪ್ತ ಮ್ಯಾಡಿಸನನಿಗೆ ತೋರಿಸಿದ. ಮ್ಯಾಡಿಸನ್ ಜಾಣ. ಕಾರಣಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ನಾಳೆ ಅವರನ್ನು ವಿರೋಧಿಸಬೇಕಾಗಿ ಬಂದರೆ ಈ ಪತ್ರ ಅಡ್ಡಬರುತ್ತದೆ, ಕಳಿಸದಿರುವುದೇ ಮೇಲು ಎಂದ. ಪತ್ರ ಹೋಗಲಿಲ್ಲ. ಮೇಲಧಿಕಾರಿಯ ಸಹಿಗೆಂದು ಹೋಗಿ ಹಿಂತಿರುಗದ ಕಡತಗಳನ್ನು ನಾನು ದಿನವೂ ನೋಡುತ್ತೇನೆ. ಇಷ್ಟು ದುಬಾರಿಯಾದ ಕಡತವನ್ನು ಕಂಡಿಲ್ಲ.

ಕಳಿಸದೆ ಉಳಿದ ಪತ್ರಗಳೆಲ್ಲ ನಷ್ಟವೇ ಎಂದೂ ಅಲ್ಲ. ಇವರ ಹಿರಿಯ ಸಂಗಡಿಗ ಬೆಂಜಮಿನ್ ಫ್ರಾಂಕ್ಲಿನ್, ೧೭೭೫ರಲ್ಲಿ ಆ ದೇಶದ ಅಂಚೆ ಇಲಾಖೆಗೆ ಮೊದಲ ಮುಖ್ಯಸ್ಥನಾದವನು, ಅದೇ ವರ್ಷ ಜುಲೈ ೫ರಂದು ಲಂಡನ್ನಿನಲ್ಲಿದ್ದ ತನ್ನ ಬಹುಕಾಲದ ಗೆಳೆಯ ವಿಲಿಯಂ ಸ್ಟ್ರಾಹನನಿಗೆ ಉರಿದುರಿದು ಒಂದು ಪತ್ರ ಬರೆದ. ಸ್ಟ್ರಾಹನ್ ಮುದ್ರಣಗಾರ, ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ. ನಿಮ್ಮವರು ನಮ್ಮ ಊರುಗಳನ್ನು ಸುಟ್ಟರು, ಇನ್ನು ನೀನು ನನ್ನ ವೈರಿ, ನಾನು ನಿನ್ನ ವೈರಿ ಎಂಬ ಧಾಟಿ. ಬರೆದ, ಆದರೆ ಕಳಿಸಲಿಲ್ಲ. ಸ್ನೇಹ ಉಳಿಯಿತು. ಕೋಪದ ಪತ್ರವನ್ನು ತಡೆದವನು ಗೆಳೆಯನನ್ನು ಉಳಿಸಿಕೊಂಡ. ಪ್ರೀತಿಯ ಪತ್ರವನ್ನು ತಡೆದವನು ಕಳೆದುಕೊಂಡ.

ಇಲ್ಲಿ ನನ್ನ ಕಥೆ ಬರುತ್ತದೆ. ಊರಿನಲ್ಲಿ ನನಗೊಬ್ಬ ಅಣ್ಣನಿದ್ದಾನೆ. ತಂದೆ ಬಿಟ್ಟುಹೋದ ಮನೆಯ ಹಿಂದಿನ ಹಿತ್ತಲು ಮೂರು ಗುಂಟೆ. ಅದನ್ನು ನನ್ನನ್ನು ಕೇಳದೆ ಮಾರಾಟಕ್ಕೆ ಮಾತಾಡಿದನೆಂದು ಮೂರು ವರ್ಷದ ಕೆಳಗೆ ಯಾರೋ ಹೇಳಿದರು. ಅವರು ಹೇಳಿದ್ದು ಅರ್ಧ ನಿಜ. ನಾನು ಫ್ರಾಂಕ್ಲಿನ್ನನ ಹಾಗೆ ಹಾಳೆ, ಮಸಿ, ಮರಳು, ಅರಗು ಹುಡುಕಬೇಕಾಗಿರಲಿಲ್ಲ. ಕೈಯಲ್ಲಿ ಮೊಬೈಲಿತ್ತು. ಬಸ್ಸಿನಲ್ಲಿ ನಿಂತುಕೊಂಡೇ, ಇನ್ನು ನನಗೆ ಅಣ್ಣನಿಲ್ಲ ಎಂದು ಬೆರಳಿನಿಂದ ಬರೆದು ಕಳಿಸಿಬಿಟ್ಟೆ. ಬಸ್ಸು ಮುಂದಿನ ನಿಲ್ದಾಣ ಮುಟ್ಟುವುದರೊಳಗೆ ಅದು ಊರು ಮುಟ್ಟಿತ್ತು. ಉತ್ತರ ಬರಲಿಲ್ಲ. ಅಂದಿನಿಂದ ಮಾತಿಲ್ಲ.

ಇರಲಿ, ಅಮೆರಿಕೆಗೆ ಮರಳೋಣ. ೧೮೦೦ರ ಚುನಾವಣೆಯಲ್ಲಿ ಜೆಫರ್ಸನ್ ಗೆದ್ದ, ಆಡಮ್ಸ್ ಸೋತ. ಎರಡು ಕಡೆಯ ಪತ್ರಿಕೆಗಳೂ ಆಡಬಾರದ್ದನ್ನೆಲ್ಲ ಆಡಿದ್ದವು. ಅಧಿಕಾರ ಬಿಡುವ ಕೊನೆಯ ದಿನಗಳಲ್ಲಿ ಆಡಮ್ಸ್ ತನ್ನ ಕಡೆಯವರನ್ನು ನ್ಯಾಯಾಧೀಶರ ಹುದ್ದೆಗಳಿಗೆ ತುಂಬಿದ. ಅದು ಜೆಫರ್ಸನನನ್ನು ನೋಯಿಸಿತು. ೧೮೦೧ರ ಮಾರ್ಚ್ ೪, ಹೊಸ ಅಧ್ಯಕ್ಷನ ಪದಗ್ರಹಣದ ದಿನ, ಬೆಳಗಿನ ನಾಲ್ಕು ಗಂಟೆಗೇ ಆಡಮ್ಸ್ ಗಾಡಿ ಹತ್ತಿ ಊರಿಗೆ ಹೊರಟುಹೋದ. ಸಮಾರಂಭಕ್ಕೆ ನಿಲ್ಲಲಿಲ್ಲ. ಅದೇ ತಿಂಗಳು ನಾಲ್ಕಾರು ಸಾಲಿನ ಒಂದು ಪತ್ರ ಬರೆದದ್ದೇ ಕೊನೆ. ಆಮೇಲೆ ಹನ್ನೊಂದು ವರ್ಷ ಮೌನ.

ಈ ಮೌನದ ನಡುವೆ ಒಮ್ಮೆ ಬಾಗಿಲು ತಟ್ಟಿದವಳು ಆಬಿಗೇಲ್. ೧೮೦೪ರ ಏಪ್ರಿಲಿನಲ್ಲಿ ಪಾಲಿ ತೀರಿಕೊಂಡಳು, ಇಪ್ಪತ್ತೈದು ವರ್ಷದ ಹೆಣ್ಣುಮಗಳು. ಸುದ್ದಿ ಕೇಳಿದ ಆಬಿಗೇಲಳಿಗೆ ಕೊರಳು ತಬ್ಬಿ ಅತ್ತ ಆ ಮಗು ಕಣ್ಣಮುಂದೆ ಬಂದಿತು. ಗಂಡನಿಗೆ ಹೇಳದೆ ಮೇ ೨೦ರಂದು ಜೆಫರ್ಸನನಿಗೆ ಸಾಂತ್ವನದ ಪತ್ರ ಬರೆದಳು. ಕೊನೆಯಲ್ಲಿ, ಹಿಂದೊಮ್ಮೆ ನಿಮ್ಮ ಸ್ನೇಹಿತೆ ಎಂದು ಹೇಳಿಕೊಳ್ಳಲು ಹೆಮ್ಮೆಪಡುತ್ತಿದ್ದವಳು ಎಂಬ ಅರ್ಥ ಬರುವಂತೆ ಸಹಿ ಮಾಡಿದಳು. ಆ 'ಹಿಂದೊಮ್ಮೆ'ಯಲ್ಲಿ ಎಲ್ಲವೂ ಇದೆ.

ಜೆಫರ್ಸನ್ ಕೃತಜ್ಞತೆಯಿಂದ ಉತ್ತರಿಸಿದ. ಅಷ್ಟಕ್ಕೆ ನಿಲ್ಲಿಸಬಾರದಾಗಿತ್ತೆ? ನಿಮ್ಮ ಗಂಡ ಮಾಡಿದ್ದರಲ್ಲಿ ಒಂದೇ ಒಂದು ನನಗೆ ನೋವು ತಂದಿತು, ಆ ಕೊನೆಯ ಗಳಿಗೆಯ ನೇಮಕಗಳು ಎಂದು ಸೇರಿಸಿದ. ಆಬಿಗೇಲ್ ಬಿಡುವ ಹೆಂಗಸಲ್ಲ. ಆಡಮ್ಸನನ್ನು ಹೀನಾಯವಾಗಿ ಬೈದು ಬರೆದ ಪತ್ರಕರ್ತನೊಬ್ಬನಿಗೆ ನೀವು ಹಣ ಕೊಟ್ಟಿರಲ್ಲ, ಸಾಕಿದ ಹಾವು ಕಡೆಗೆ ನಿಮ್ಮನ್ನೇ ಕಚ್ಚಿತಲ್ಲ ಎಂದು ಎತ್ತಿ ಆಡಿದಳು. ಏಳು ಪತ್ರಗಳಾಗುವಷ್ಟರಲ್ಲಿ ವ್ಯವಹಾರ ಮುಗಿಯಿತು. ಶೋಕದ ಬಾಗಿಲಿನಿಂದ ಒಳಗೆ ಬಂದವರು ಲೆಕ್ಕದ ಬಾಗಿಲಿನಿಂದ ಹೊರಗೆ ಹೋದರು.

ಆ ವರ್ಷ ನವೆಂಬರಿನಲ್ಲಿ ಆಕೆ ಕಟ್ಟನ್ನೆಲ್ಲ ಗಂಡನ ಮುಂದಿಟ್ಟಳು. ಆಡಮ್ಸ್ ಪೂರ್ತಿ ಓದಿ, ಕೊನೆಯ ಹಾಳೆಯ ಮೇಲೆ ಒಂದು ಷರಾ ಬರೆದ. ಈ ಪತ್ರವ್ಯವಹಾರ ನನ್ನ ಅರಿವಿಗೆ ಬಾರದೆ ನಡೆದದ್ದು. ಪತ್ನಿಯ ಇಚ್ಛೆಯಂತೆ ನಿನ್ನೆ ಸಂಜೆ ಮತ್ತು ಈ ಬೆಳಿಗ್ಗೆ ಓದಿದೆ. ಸದ್ಯ ನನ್ನದೇನೂ ಟೀಕೆಯಿಲ್ಲ ಎಂಬುದು ಅದರ ಸಾರ. ನಮ್ಮ ಸಾಹೇಬರೂ ಇಷ್ಟು ಚೆನ್ನಾದ ಷರಾ ಬರೆದದ್ದನ್ನು ನಾನು ಕಂಡಿಲ್ಲ. ಸಿಟ್ಟಿಲ್ಲ, ಒಪ್ಪಿಗೆಯೂ ಇಲ್ಲ. ಕಡತ ಮಾತ್ರ ಮುಚ್ಚಿಲ್ಲ.

ಈ ಪುಟ ಓದುತ್ತಿದ್ದ ರಾತ್ರಿಯೇ ನಮ್ಮಾಕೆ ಅಡಿಗೆಮನೆಯಿಂದ, "ಭಾವನವರಿಗೆ ಮಂಡಿನೋವು ಭಾಳ ಆಗೇದಂತ. ಮೆಟ್ಟಲಾ ಹತ್ತಾಕ ಆಗವಲ್ತಂತ," ಎಂದಳು.

"ನಿನಗ ಯಾರು ಹೇಳಿದ್ರು?"

"ಅಕ್ಕಾರು. ಎಂಟು ದಿನಕ್ಕೊಮ್ಮೆ ಫೋನ್ ಮಾಡ್ತಾರ."

"ಯಾವಾಗಿನಿಂದ ನಡದದ ಇದು?"

"ಮೂರು ವರ್ಷದಿಂದ. ಅಣ್ಣ-ತಮ್ಮ ನೀವು ಮಾತು ಬಿಟ್ಟೀರಿ. ನಾವ್ಯಾಕ ಬಿಡಬೇಕು?"

ನಾನು ಪುಸ್ತಕದ ಮೇಲಿಂದ ಕಣ್ಣು ಎತ್ತಲಿಲ್ಲ. ನನ್ನ ಷರಾವೂ ಅಷ್ಟೇ: ನೋಡಲಾಯಿತು, ಸದ್ಯ ಟೀಕೆಯಿಲ್ಲ.

ಮುರಿದ ಸ್ನೇಹವನ್ನು ಕೂಡಿಸಿದ ಪುಣ್ಯ ಮಾತ್ರ ಒಬ್ಬ ವೈದ್ಯನದು. ಫಿಲಡೆಲ್ಫಿಯದ ಡಾಕ್ಟರ್ ಬೆಂಜಮಿನ್ ರಷ್, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬ, ಇಬ್ಬರಿಗೂ ಬೇಕಾದವನು. ೧೮೦೯ರ ಅಕ್ಟೋಬರಿನಲ್ಲಿ ಆತ ಆಡಮ್ಸನಿಗೊಂದು ಕನಸನ್ನು ಬರೆದು ಕಳಿಸಿದ. ಕನಸಿನಲ್ಲಿ ತನ್ನ ಮಗ ಓದುತ್ತಿದ್ದ ಇತಿಹಾಸ ಪುಸ್ತಕದಲ್ಲಿ ಹೀಗಿತ್ತಂತೆ: ಆಡಮ್ಸ್ ತಾನೇ ಮೊದಲು ಚಿಕ್ಕದೊಂದು ಪತ್ರ ಬರೆದ, ಜೆಫರ್ಸನ್ ಉತ್ತರಿಸಿದ, ಸ್ನೇಹ ಮತ್ತೆ ಕುದುರಿತು, ವಯಸ್ಸು ಕೀರ್ತಿ ತುಂಬಿ ಇಬ್ಬರೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಮಣ್ಣು ಸೇರಿದರು. ಆಡಮ್ಸ್ ನಕ್ಕು, ನಿನ್ನ ಕನಸು ಇತಿಹಾಸವಲ್ಲ, ಬೇಕಾದರೆ ಭವಿಷ್ಯವಾಗಬಹುದು ಎಂದ. ಬರೆಯಲಿಲ್ಲ ಮಾತ್ರ.

ಎರಡು ವರ್ಷ ಕಳೆಯಿತು. ೧೮೧೧ರ ಬೇಸಿಗೆಯಲ್ಲಿ ಜೆಫರ್ಸನನ ಸೀಮೆಯ ತರುಣರಿಬ್ಬರು ಆಡಮ್ಸನ ಮನೆಗೆ ಹೋದರು. ಮಾತಿನ ನಡುವೆ ಮುದುಕ, ಜೆಫರ್ಸನನನ್ನು ನಾನು ಎಂದೂ ಪ್ರೀತಿಸಿದವನೇ, ಈಗಲೂ ಪ್ರೀತಿಸುತ್ತೇನೆ ಎಂದುಬಿಟ್ಟ. ಮಾತು ವರ್ಜೀನಿಯಕ್ಕೆ ಮುಟ್ಟಿತು. ಜೆಫರ್ಸನ್ ಕರಗಿದ, ನನಗೆ ಇಷ್ಟು ಸಾಕು ಎಂದು ಡಾಕ್ಟರಿಗೆ ಬರೆದ. ಡಾಕ್ಟರು ಅದನ್ನು ಆಡಮ್ಸನಿಗೆ ತಲುಪಿಸಿದ. ಕೆಟ್ಟ ಮಾತನ್ನು ಹೊತ್ತು ತರುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಒಳ್ಳೆಯ ಮಾತನ್ನು ಹೊತ್ತು ಮುಟ್ಟಿಸುವವರು ಊರಿಗೆ ಒಬ್ಬರಿದ್ದರೂ ಎಷ್ಟೋ ಮನೆಗಳು ಉಳಿದಾವು.

ಕಡೆಗೆ ೧೮೧೨ರ ಜನವರಿ ೧ರಂದು ಆಡಮ್ಸನೇ ಬರೆದ. ಹಳೆಯ ಜಗಳದ ಸುದ್ದಿ ಇಲ್ಲ, ಕ್ಷಮೆಯ ಮಾತೂ ಇಲ್ಲ. ಹೊಸ ವರ್ಷದ ಶುಭಾಶಯ, ಮನೆಯವರ ಕ್ಷೇಮಸಮಾಚಾರ. ಜೊತೆಗೆ ನಮ್ಮ ಕಡೆ ತಯಾರಾದ ಮನೆನೂಲಿನ ಎರಡು ತುಂಡು ಕಳಿಸಿದ್ದೇನೆ ಎಂದು. ಪತ್ರ ಮೊದಲು ಮುಟ್ಟಿತು, ಪೊಟ್ಟಣ ಹಿಂದುಳಿಯಿತು. ನಮ್ಮ ಖಾದಿಯಂಥ ಬಟ್ಟೆಯೇ ಇರಬೇಕೆಂದು ನಂಬಿದ ಜೆಫರ್ಸನ್, ವರ್ಜೀನಿಯದ ಮನೆಗಳಲ್ಲಿ ನೂಲುವುದು ನೇಯುವುದು ಹೇಗೆ ನಡೆದಿದೆ ಎಂದು ಗಂಭೀರವಾಗಿ ವ್ಯಾಖ್ಯಾನ ಬರೆದು ಜನವರಿ ೨೧ರಂದು ಕಳಿಸಿದ. ಪೊಟ್ಟಣ ಬಂದು ಬಿಚ್ಚಿದರೆ ಒಳಗೆ ಎರಡು ಪುಸ್ತಕ! ಆಡಮ್ಸನ ಮಗ ಜಾನ್ ಕ್ವಿನ್ಸಿ ಬರೆದ ಭಾಷಣಕಲೆಯ ಉಪನ್ಯಾಸಗಳ ಎರಡು ಸಂಪುಟ. ಹನ್ನೊಂದು ವರ್ಷದ ಮಂಜುಗಡ್ಡೆ ಒಂದು ತಮಾಷೆಯಿಂದ ಒಡೆಯಿತು.

ಅಲ್ಲಿಂದ ಹದಿನಾಲ್ಕು ವರ್ಷ ೧೫೮ ಪತ್ರಗಳು. ಅವುಗಳಲ್ಲಿ ಆಡಮ್ಸನವು ೧೦೯, ಜೆಫರ್ಸನನವು ೪೯. ನಾನು ನಾಲ್ಕು ಬರೆದರೆ ನೀನು ಒಂದು ಬರೆಯುತ್ತೀ ಎಂದು ಆಡಮ್ಸ್ ಲೆಕ್ಕ ಹಿಡಿಯಲಿಲ್ಲ. ನಿನ್ನ ಒಂದು ನನ್ನ ನಾಲ್ಕಕ್ಕಿಂತ ಹೆಚ್ಚು ಬೆಲೆಯದು ಎಂದ. ೧೮೧೩ರ ಜುಲೈ ೧೫ರ ಆ ಪತ್ರದಲ್ಲಿಯೇ, ಒಬ್ಬರನ್ನೊಬ್ಬರು ಅರ್ಥಮಾಡಿಸದೆ ನಾವು ಸಾಯಬಾರದು ಎಂಬ ಭಾವದ ಮಾತನ್ನೂ ಬರೆದ. ಎಲ್ಲ ಪತ್ರಗಳ ತಿರುಳು ಇದೇ. ಒಪ್ಪಿಕೊಳ್ಳಬೇಕೆಂದಲ್ಲ, ಅರ್ಥವಾಗಬೇಕೆಂದು.

ಏನೇನು ಬರೆದುಕೊಂಡರು! ಗುಣ ಮತ್ತು ಪ್ರತಿಭೆಗಳಿಂದ ಬರುವ ಹಿರಿಮೆ ಬೇರೆ, ಕುಲ ಮತ್ತು ಹಣದಿಂದ ಬರುವ ಹಿರಿಮೆ ಬೇರೆ ಎಂದು ಜೆಫರ್ಸನ್. ಎರಡನ್ನೂ ಬೇರ್ಪಡಿಸುವುದು ನಿನ್ನ ಕೈಲಾಗದು ಎಂದು ಆಡಮ್ಸ್. ನಮ್ಮ ಶಾಸ್ತ್ರಗಳ ಪ್ರಸ್ತಾಪವೂ ಅಲ್ಲಿದೆ. ಪ್ರೀಸ್ಟ್ಲಿ ಎಂಬ ಪಂಡಿತ ಹಿಂದೂ ಧರ್ಮದ ಬಗ್ಗೆ ಬರೆದ ಪುಸ್ತಕ ಓದಿದ ಆಡಮ್ಸ್, ೧೮೧೩ರ ಡಿಸೆಂಬರಿನ ಪತ್ರದಲ್ಲಿ ಅಲ್ಲಿ ಕಂಡ ತತ್ತ್ವದ ಆಳವನ್ನು ಮೆಚ್ಚಿ ಬರೆದಿದ್ದಾನೆ. ೧೮೧೬ರಲ್ಲಿ ಆಡಮ್ಸ್, ತೊಟ್ಟಿಲಿನಿಂದ ಮತ್ತೆ ಶುರುಮಾಡಿ ಇದೇ ಬದುಕನ್ನು ಇನ್ನೊಮ್ಮೆ ಬದುಕುತ್ತೀಯಾ ಎಂದು ಕೇಳಿದ. ಆರು ಮಕ್ಕಳಲ್ಲಿ ಐವರನ್ನು ಕಳೆದುಕೊಂಡಿದ್ದ ಜೆಫರ್ಸನ್ ಹೂಂ ಎಂದ. ಭರವಸೆಯನ್ನು ಹಡಗಿನ ಮುಂದಿಟ್ಟುಕೊಂಡು ಭಯವನ್ನು ಹಿಂದೆ ಬಿಟ್ಟು ಸಾಗುವವನು ತಾನು ಎಂದ. ಆದರೆ ದುಃಖದಿಂದ ಮನುಷ್ಯನಿಗೇನು ಪ್ರಯೋಜನ ಎಂಬುದೊಂದು ಮಾತ್ರ ತನಗೆ ತಿಳಿಯದು ಎಂದೂ ಸೇರಿಸಿದ. ೧೮೧೮ರ ಅಕ್ಟೋಬರ್ ೨೮ರಂದು ಆಬಿಗೇಲ್ ತೀರಿಕೊಂಡಾಗ ಆತ ಬರೆದ ಪತ್ರ ಬಲು ಚಿಕ್ಕದು. ಇಂಥ ಗಾಯಕ್ಕೆ ಕಾಲ ಮತ್ತು ಮೌನವೇ ಮದ್ದು ಎಂಬುದನ್ನು ಸ್ವಂತ ಅನುಭವದಿಂದ ಬಲ್ಲೆ, ಹೆಚ್ಚು ಹೇಳಿ ಗಾಯ ಕೆದಕಲಾರೆ ಎಂಬುದಷ್ಟೇ ಅದರ ಸಾರ. ಹದಿನಾಲ್ಕು ವರ್ಷದ ಹಿಂದೆ ಆಕೆಗೆ ಲೆಕ್ಕ ಒಪ್ಪಿಸಿದ್ದ ಕೈಯೇ ಇದು.

ಸ್ನೇಹಕ್ಕೆ ನಿಜವಾದ ಪರೀಕ್ಷೆ ಬಂದದ್ದು ೧೮೨೩ರಲ್ಲಿ. ವಿರಸದ ದಿನಗಳಲ್ಲಿ ಆಡಮ್ಸ್ ತನ್ನ ದೂರದ ನೆಂಟನೊಬ್ಬನಿಗೆ, ಯಾರಿಗೂ ತೋರಿಸಬೇಡವೆಂದು ಹೇಳಿ, ಜೆಫರ್ಸನನನ್ನು ಬೈದು ಪತ್ರಗಳನ್ನು ಬರೆದಿದ್ದ. ನೆಂಟ ಸತ್ತ ಮೇಲೆ ಅವನ ಮಗ ಎಲ್ಲವನ್ನೂ ಅಚ್ಚು ಹಾಕಿಸಿಬಿಟ್ಟ. ಎಂಬತ್ತೇಳು ದಾಟಿದ ಆಡಮ್ಸನಿಗೆ ಮುಖವೆತ್ತುವುದು ಕಷ್ಟವಾಗಿರಬೇಕು. ಆತ ಬಾಯಿ ಬಿಡುವ ಮುನ್ನವೇ ಜೆಫರ್ಸನನ ಪತ್ರ ಬಂದಿತು: ಅರ್ಧ ಶತಮಾನದ ಸ್ನೇಹದ ಮುಂದೆ ಇದೆಷ್ಟರದು? ನಮ್ಮ ತಲೆದಿಂಬಿಗೆ ಮುಳ್ಳು ತುಂಬಲು ಹೊರಟವರ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಾರೆ ಎಂಬ ಭಾವ. ಆಡಮ್ಸ್ ಅದನ್ನು ಬೆಳಗಿನ ಉಪಾಹಾರದ ಹೊತ್ತಿನಲ್ಲಿ ಮನೆಮಂದಿಗೆಲ್ಲ ಕೇಳುವಂತೆ ಓದಿಸಿದ. ಇಂಥ ಪತ್ರ ಹಿಂದೆ ಯಾರೂ ಬರೆದಿಲ್ಲ ಎಂದು ಎಲ್ಲರೂ ಅಂದರಂತೆ.

ಇಷ್ಟು ಹೊಗಳಿದ ಮೇಲೆ ಒಂದು ಮಾತನ್ನು ಮುಚ್ಚಿಡುವುದು ತರವಲ್ಲ. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ಕೈ ಬದುಕಿನುದ್ದಕ್ಕೂ ಆರುನೂರಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿತ್ತು. ಆಡಮ್ಸ್ ಒಬ್ಬ ಗುಲಾಮನನ್ನೂ ಇಟ್ಟುಕೊಂಡವನಲ್ಲ. ಗುಲಾಮಗಿರಿ ಅರ್ಧ ಶತಮಾನದಿಂದ ದೇಶದ ಮೇಲೆ ಕಪ್ಪು ಮೋಡದಂತೆ ಕವಿದದ್ದನ್ನು ನೋಡುತ್ತ ಬಂದಿದ್ದೇನೆ ಎಂದು ೧೮೨೧ರಲ್ಲಿ ಬರೆದ. ಆದರೆ ಅದನ್ನು ನಿಮ್ಮ ದಕ್ಷಿಣದವರಿಗೇ ಬಿಡುತ್ತೇನೆ ಎಂದು ಅಲ್ಲಿಗೇ ಕೈತೊಳೆದುಕೊಂಡ. ಗೆಳೆತನ ಕೆಡದಿರಲೆಂದು ಆಡದೆ ಬಿಟ್ಟ ಮಾತು ಅದು. ಆ ಮಾತಿನ ಬೆಲೆಯನ್ನು ತೆತ್ತವರು ಬೇರೆಯವರು. ಪಾಲಿಯ ಜೊತೆ ಹಡಗಿನಲ್ಲಿ ಬಂದ ಸ್ಯಾಲಿ ಹೆಮಿಂಗ್ಸ್ ನೆನಪಿದೆಯೆ? ಅವಳ ಮಕ್ಕಳ ತಂದೆ ಜೆಫರ್ಸನನೇ ಎಂದು, ೧೯೯೮ರ ಡಿ.ಎನ್.ಎ. ಪರೀಕ್ಷೆಯ ತರುವಾಯ ಇತಿಹಾಸಕಾರರಲ್ಲಿ ಬಹುಮಂದಿ ಒಪ್ಪಿದ್ದಾರೆ. ೧೯,೦೦೦ ಪತ್ರ ಬರೆದವನ ಮನೆಯಲ್ಲಿ ಬಾಳಿದ ಅವಳ ಕೈಬರಹದ ಒಂದು ಸಾಲೂ ಉಳಿದಿಲ್ಲ. ಯಾವ ರಿಜಿಸ್ಟರಿನಲ್ಲಿಯೂ ಅವಳ ಆವಕವಿಲ್ಲ, ಜಾವಕವಿಲ್ಲ. ನಂಬರು ಹಾಕುವವನಾದ ನನಗೆ ಪುಸ್ತಕದ ಉದ್ದಕ್ಕೂ ಈ ಖಾಲಿ ಜಾಗ ಕಣ್ಣಿಗೆ ಕುಟ್ಟುತ್ತಿತ್ತು.

ಕೊನೆಕೊನೆಗೆ ಇಬ್ಬರ ಕೈಯೂ ಸೋತವು. ಜೆಫರ್ಸನನ ಬಲ ಮಣಿಕಟ್ಟು ಪ್ಯಾರಿಸಿನಲ್ಲಿದ್ದಾಗಲೇ ಪೆಟ್ಟು ತಿಂದದ್ದು. ಮುಪ್ಪಿನಲ್ಲಿ ಒಂದು ಪುಟ ಬರೆಯಲು ಗಂಟೆಗಟ್ಟಲೆ ಬೇಕು. ಆಡಮ್ಸನಿಗೆ ಕೈನಡುಕ, ಕಣ್ಣು ಮಂಜು. ತಾನು ಹೇಳುವುದು, ಮನೆಯ ಮಕ್ಕಳು ಬರೆಯುವುದು. ೧೮೨೬ರ ಮಾರ್ಚ್ ೨೫ರಂದು ಜೆಫರ್ಸನ್, ನಿಮ್ಮ ಕಡೆಗೆ ಬರುತ್ತಿರುವ ಮೊಮ್ಮಗ ನಿನ್ನನ್ನು ನೋಡದೆ ಹಿಂತಿರುಗಬಾರದು ಎಂದು ಬರೆದ. ಏಪ್ರಿಲ್ ೧೭ರಂದು ಆಡಮ್ಸ್ ಉತ್ತರಿಸಿದ. ಅದೇ ಕಡೆಯದು.

ಆ ವರ್ಷ ಜುಲೈ ೪, ಸ್ವಾತಂತ್ರ್ಯ ಘೋಷಣೆಗೆ ಐವತ್ತು ತುಂಬಿದ ದಿನ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಮಾಂಟಿಸೆಲೊದ ತನ್ನ ಮನೆಯಲ್ಲಿ ಜೆಫರ್ಸನ್ ಕಣ್ಣು ಮುಚ್ಚಿದ, ವಯಸ್ಸು ೮೩. ನೂರಾರು ಮೈಲಿ ಆಚೆ ಕ್ವಿನ್ಸಿಯಲ್ಲಿ ಅದೇ ಸಂಜೆ ಆರರ ಸುಮಾರಿಗೆ ಆಡಮ್ಸ್ ಹೋದ, ವಯಸ್ಸು ೯೦. ಜೆಫರ್ಸನ್ ಇನ್ನೂ ಇದ್ದಾನೆ ಎಂಬುದು ಆತನ ಕೊನೆಯ ಮಾತುಗಳಲ್ಲೊಂದು ಎಂದು ಹೇಳುತ್ತಾರೆ. ಸುದ್ದಿ ಮುಟ್ಟಿರಲಿಲ್ಲ. ಡಾಕ್ಟರ್ ರಷ್ ಕಂಡ ಕನಸು ಅಕ್ಷರಕ್ಕಕ್ಷರ ನಿಜವಾಯಿತು. ಅದನ್ನು ನೋಡಲು ಆತನೇ ಇರಲಿಲ್ಲ, ೧೮೧೩ರಲ್ಲಿಯೇ ತೀರಿಕೊಂಡಿದ್ದ.

ಪುಸ್ತಕ ಮುಚ್ಚಿ ಅಕ್ಕಿ ಡಬ್ಬಿಯ ಮೇಲಿಟ್ಟೆ. ಸಂಧಿಯಾದ ಮೇಲೆ ಇವರಿಗೆ ಸಿಕ್ಕಿದ್ದು ಹದಿನಾಲ್ಕು ವರ್ಷ. ಮೌನದಲ್ಲಿ ಕಳೆದದ್ದು ಹನ್ನೊಂದು. ನನ್ನ ಅಣ್ಣನಿಗೆ ಈಗ ಐವತ್ತೊಂದು. ಎಷ್ಟು ವರ್ಷ ನಮ್ಮ ಪಾಲಿಗಿದೆಯೋ ಬಲ್ಲವರಾರು?

ಮರುದಿನ ಊಟದ ಬಿಡುವಿನಲ್ಲಿ ಅಂಚೆ ಕಚೇರಿಗೆ ಹೋಗಿ ಒಂದು ಇನ್‌ಲ್ಯಾಂಡ್ ಪತ್ರ ಕೊಂಡೆ. ಮೊಬೈಲಿನಲ್ಲಿ ಬರೆಯಬಹುದಿತ್ತು, ಆದರೆ ಕೆಟ್ಟ ಮಾತು ಹೋದ ದಾರಿಯಲ್ಲಿಯೇ ಒಳ್ಳೆಯ ಮಾತನ್ನು ಕಳಿಸಲು ಮನಸ್ಸಾಗಲಿಲ್ಲ. ಸಂಜೆ ಬರೆಯಲು ಕುಳಿತೆ. ಮೊದಲ ಕರಡಿನಲ್ಲಿ ಹಿತ್ತಲಿನ ಪ್ರಸ್ತಾಪ ಬಂದಿತು. ನ್ಯಾಯವಾಗಿ ನೋಡಿದರೆ ಎಂದು ಸಾಲು ಶುರುವಾಗಿತ್ತು. ಹರಿದುಹಾಕಿದೆ. ಮೊದಲ ಪತ್ರದಲ್ಲಿ ಲೆಕ್ಕ ಬರಬಾರದು ಎಂಬುದನ್ನು ನಾಲ್ಕು ತಿಂಗಳು ಕುಳಿತು ಓದಿದ್ದೆನಲ್ಲ. ಕಡೆಗೆ ಬರೆದದ್ದು ಇಷ್ಟೇ:

"ಅಣ್ಣಾ, ನಮಸ್ಕಾರ. ನಿನ್ನ ಮಂಡಿನೋವು ಹ್ಯಾಂಗದ? ಈ ಸಲ ಜೋಳ ಹ್ಯಾಂಗ ಬಂದಾವ? ಇಲ್ಲಿ ನಾವು ಎಲ್ಲಾರೂ ಆರಾಮ. ವೈನಿಗೆ ನಮಸ್ಕಾರ ಹೇಳು. ಬಸ್ಸಿನ್ಯಾಗ ನಿಂತು ನಾ ಬರದದ್ದು ತಪ್ಪು. — ನಿನ್ನ ತಮ್ಮ."

ಕಡೆಯ ಸಾಲನ್ನು ಆಡಮ್ಸ್ ಬರೆದಿರಲಿಲ್ಲ. ಆದರೆ ಆತ ಹಿರಿಯ, ನಾನು ಕಿರಿಯ. ಮೊದಲು ಬರೆಯಬೇಕಾದವರು ಯಾರು ಎಂದು ಮೂರು ವರ್ಷ ಯೋಚಿಸಿದೆ. ಯಾರ ತಪ್ಪೋ ಅವರು ಎಂದು ಒಮ್ಮೆ, ಯಾರು ಚಿಕ್ಕವರೋ ಅವರು ಎಂದು ಒಮ್ಮೆ ಅನ್ನಿಸಿತು. ಈಗ ತೋರುವುದು ಇಷ್ಟು: ಯಾರ ಕೈಯಲ್ಲಿ ಲೇಖನಿ ಇದೆಯೋ ಅವರು ಬರೆಯಬೇಕು.

ಡಬ್ಬಿಗೆ ಹಾಕಿ ಇಂದಿಗೆ ಒಂಬತ್ತು ದಿನ. ಜಾವಕ ಆಗಿದೆ, ಆವಕ ಇನ್ನೂ ಇಲ್ಲ. ನಮ್ಮಾಕೆ ಮಾತ್ರ ನಿನ್ನೆ ಫೋನಿನಲ್ಲಿ ಮಾತು ಮುಗಿಸಿ, "ಕಾಗದ ಮುಟ್ಟೇದಂತ. ಭಾವನವರು ಎರಡು ಸಲ ಓದಿ, ದೇವರ ಫೋಟೋ ಹಿಂದ ಇಟ್ಟಾರಂತ," ಎಂದಳು.

ಉತ್ತರದ ಸುದ್ದಿ ಮುಂದಿನ ಸಂಚಿಕೆಯಲ್ಲಿ.